ಕೊಂಡ ಹಾಡಿನ ಪ್ರತಿಯೂ ‘ಖಾಸಗಿ’ ಎಂಬ ಪದವೂ

ಶಾಸನವೊಂದನ್ನು ಸಾಹಿತ್ಯಪತ್ರಿಕೆಯಲ್ಲಿ ವಿಮರ್ಶಿಸುವುದು ಉಚಿತವೇ ಎಂದು ವಾಚಕ ಮಹಾಶಯರಲ್ಲಿ ಕೆಲವರು ಕೇಳಬಹುದು. ಶಾಸನವೂ ವಾಕ್ಯಗಳಿಂದಲೇ ಆದುದಷ್ಟೆ. ವಾಕ್ಯವೆಂದ ಮೇಲೆ ಅದಕ್ಕೆ ಅರ್ಥವಿರಬೇಕು. ಆ ಅರ್ಥವು ಸಂದಿಗ್ಧವಾಗಿದ್ದರೆ ಅದನ್ನು ಎತ್ತಿತೋರಿಸುವ ಅಧಿಕಾರವು ಓದಬಲ್ಲವರೆಲ್ಲರಿಗೂ ಉಂಟು. ನಾನಿಲ್ಲಿ ವಿಚಾರಕ್ಕೆ ತೆಗೆದುಕೊಂಡಿರುವುದು ನಮ್ಮ ದೇಶದ ೧೯೫೭ನೆಯ ಕೃತಿಸ್ವಾಮ್ಯ ಶಾಸನದ ೫೨ನೆಯ ಕಲಮಿನ ಮೊದಲ ಭಾಗವನ್ನು.

ಪ್ರಸಂಗವು ಗೃಹಕೃತ್ಯಕ್ಕೆ ಸಂಬಂಧಿಸಿದುದು. ನನ್ನಲ್ಲಿ ನಾಲ್ವತ್ತಕ್ಕೆ ಮೇಲ್ಪಟ್ಟು ಧ್ವನಿಸುರುಳಿಗಳಿವೆ. ಮಲ್ಲಿಕಾರ್ಜುನ ಮನ್ಸೂರರವು, ಗಂಗೂಬಾಯಿ ಹಾನಗಲ್ಲರವು; ಎಲ್ಲವೂ ಸಂಬಳದ ಹಣದಿಂದ ಕೊಂಡವು. ಈ ಸುರುಳಿಯೆಂಬುದು ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕಬ್ಬಿಣದ ಆಕ್ಸೈಡಿನ ಪುಡಿಯನ್ನು ಅಂಟಿನಿಂದ ಹಿಡಿಸಿದ ವಸ್ತು. ಕಾಲಕ್ರಮದಲ್ಲಿ ಅಂಟು ಸಡಿಲುವುದು, ಪುಡಿ ಉದುರುವುದು. ಬಹುಕಾಲ ಸುತ್ತಿಟ್ಟಲ್ಲಿ ಒಂದು ಸುತ್ತಿನ ಕಾಂತತ್ವವು ನೆರೆಯ ಸುತ್ತಿಗೆ ತಗುಲಿ, ಗಾಯಕರು ಸ್ವರವೆತ್ತುವ ಮುನ್ನವೇ ಆ ಸ್ವರದ ಛಾಯೆಯು ಸಣ್ಣಗೆ ಕೇಳಿಸತೊಡಗುವುದು. ಇವನ್ನು ಗಣಕಯಂತ್ರಕ್ಕೆ ಇಳಿಸಿಕೊಳ್ಳೋಣವೆಂದು ಒಂದು ಅಂಗಡಿಗೆ ಒಯ್ದೆನು. “ಕಾಪಿ ಮಾಡೂದು ಕಾನೂನಿಗೆ ವಿರುದ್ಧ ಅದರೀ, ಸರ” ಎಂದು ಅಲ್ಲಿಯ ತರುಣನು ವಿನಯದಿಂದ ಹಿಂದಿರುಗಿಸಿದನು. ಅದೇ ಹೊತ್ತಿಗೆ ಮತ್ತೊಬ್ಬ ಗಿರಾಕಿಗೆ ನೂರಾರು ಸಿನೆಮಾ ಹಾಡುಗಳನ್ನು ಪೆನ್‌ಡ್ರೈವಿನಲ್ಲಿ ತುಂಬಿಕೊಡುತ್ತಿದ್ದನೆಂಬುದು ಬೇರೆಯ ಮಾತು. ಮನೆಗೆ ಬಂದು ಮೂಲವನ್ನೇ ತೆಗೆದು ಓದಿದೆನು.

ಕಲಮಿನ ತಾತ್ಪರ್ಯವಿಷ್ಟು: ಗಣಕಯಂತ್ರದ ಪ್ರೋಗ್ರಾಮನ್ನುಳಿದು ಯಾವ ಕೃತಿಯನ್ನೇ ಆಗಲಿ, ಖಾಸಗಿಯಾದ ಅಥವಾ ವೈಯಕ್ತಿಕವಾದ ಉಪಯೋಗಕ್ಕಾಗಿ ನ್ಯಾಯ್ಯವಾಗಿ ಬಳಸಿದಲ್ಲಿ ಸ್ವಾಮ್ಯಭಂಗವಾಗದು. ೨೦೧೨ರ ತಿದ್ದುಪಡಿಗೆ ಮುಂಚೆ ಇಲ್ಲಿ ಸಾಹಿತ್ಯ, ನಾಟಕ, ಸಂಗೀತ, ಕಲಾಕೃತಿಗಳನ್ನು ಮಾತ್ರ ಎಣಿಸಿದ್ದರು. ಶಾಸನದ ದೃಷ್ಟಿಯಲ್ಲಿ ಸಂಗೀತವೇ ಬೇರೆ, ಅದರ ಧ್ವನಿಮುದ್ರಣವೇ ಬೇರೆ. ಆದಕಾರಣ ಮುದ್ರಣವು ಹೊರಗುಳಿದಿತ್ತು. ಅದನ್ನು ಒಳಗೆ ತಂದುದು ಸಾಧುವಾದ ಕಾರ್ಯ. ಆದರೆ ‘ನ್ಯಾಯ್ಯ’ವೆಂಬುದಕ್ಕೆ ಲಕ್ಷಣವನ್ನು ಎಲ್ಲಿಯೂ ಹೇಳಿಲ್ಲ. ಲಕ್ಷಣವಿಲ್ಲದ ಪದದ ಮೇಲೆ ಅಪವಾದವನ್ನು ನಿಲ್ಲಿಸಿದರೆ ಅಂಗಡಿಯ ತರುಣನು ಹೆದರುವುದು ಸಹಜವೇ. ಇನ್ನು, ‘ಖಾಸಗಿ’ ಎಂದ ಮೇಲೆ ‘ವೈಯಕ್ತಿಕ’ವೆಂಬ ಪದವೇಕೆ? ಎರಡಕ್ಕೂ ಒಂದೇ ಅರ್ಥವಾದರೆ ಒಂದು ವ್ಯರ್ಥವಾಗುವುದು. ವ್ಯರ್ಥಪದವನ್ನು ಒಪ್ಪುವುದು ವ್ಯಾಖ್ಯಾನಕಾರನ ಸೋಲು. ಆದುದರಿಂದ ವೈಯಕ್ತಿಕವೆಂದರೆ ಒಬ್ಬನಿಗೆ ಮಾತ್ರ ಸೇರಿದುದೆಂದೂ, ಖಾಸಗಿಯೆಂದರೆ ಬಹಿರಂಗವಲ್ಲದ, ಮನೆಮಂದಿಯನ್ನು ಒಳಗೊಳ್ಳುವ ಉಪಯೋಗವೆಂದೂ ನಾನು ಅರ್ಥಮಾಡುವೆನು.

ಬ್ರಿಟನ್ನಿನವರು ಈ ಸಂದೇಹಕ್ಕೆ ಎಡೆಗೊಡಲಿಲ್ಲ. ೨೦೧೧ರ ಹಾರ್ಗ್ರೀವ್ಸ್ ವರದಿಯ ಸಲಹೆಯಂತೆ ಅಲ್ಲಿ ೨೦೧೪ರ ಅಕ್ಟೋಬರ್ ೧ರಿಂದ ಒಂದು ನಿಯಮವು ಜಾರಿಗೆ ಬಂದಿತು. ನ್ಯಾಯವಾಗಿ ಸಂಪಾದಿಸಿದ ಹಾಡನ್ನು ಸ್ವಂತಕ್ಕಾಗಿ ಇನ್ನೊಂದು ರೂಪಕ್ಕೆ ಇಳಿಸಿಕೊಳ್ಳಬಹುದು. ಪ್ರತಿಯನ್ನು ಇತರರಿಗೆ ಕೊಟ್ಟುಬಿಡಕೂಡದು. ಮೂಲವನ್ನೇ ಕೊಟ್ಟರೆ ಪ್ರತಿಯನ್ನು ಉಳಿಸಿಕೊಳ್ಳಕೂಡದು. ಎಷ್ಟು ಸ್ಪಷ್ಟ! ಆದರೆ ಅದು ಒಂದು ವರ್ಷವೂ ಬಾಳಲಿಲ್ಲ. ಗೀತಕಾರರ ಮತ್ತು ವಾದ್ಯಗಾರರ ಸಂಘಗಳು ಹೈಕೋರ್ಟಿಗೆ ಹೋದವು. ೨೦೧೫ರ ಜುಲೈಯಲ್ಲಿ ನ್ಯಾಯಮೂರ್ತಿ ಗ್ರೀನರು ನಿಯಮವನ್ನು ರದ್ದುಗೊಳಿಸಿದರು. ಪ್ರತಿಮಾಡುವುದು ಪಾಪವೆಂದು ಅವರು ಹೇಳಲಿಲ್ಲ. ಕಲಾವಿದರಿಗೆ ಪರಿಹಾರವನ್ನೇ ಕೊಡದಿರುವುದಕ್ಕೆ ಸರ್ಕಾರವು ಹೇಳಿದ ಕಾರಣ, ಅಂದರೆ ನಷ್ಟವು ಅತ್ಯಲ್ಪವೆಂಬುದು, ಸಾಕಷ್ಟು ಪ್ರಮಾಣದಿಂದ ಸಿದ್ಧವಾಗಿಲ್ಲವೆಂದರು. ಜರ್ಮನಿಯಲ್ಲಿ ೧೯೬೫ರಿಂದಲೇ ಮುದ್ರಣಯಂತ್ರದ ಮೇಲೆ ಒಂದು ಶುಲ್ಕವನ್ನು ಎತ್ತಿ ಕೃತಿಕಾರರಿಗೆ ಹಂಚುವ ಪದ್ಧತಿಯುಂಟು.

ಗಾಯಕರ ಅನ್ನವನ್ನು ಕಸಿಯುವ ಪಕ್ಷವು ನನ್ನದಲ್ಲ. ಸ್ವತ್ವವೆಂದರೆ ಯಥೇಷ್ಟವಿನಿಯೋಗಕ್ಕೆ ಅರ್ಹತೆಯೆಂದು ನಮ್ಮ ಶಾಸ್ತ್ರಜ್ಞರು ಹೇಳುವರು. ಸುರುಳಿಯ ಮೇಲೆ ನನಗೆ ಅದುಂಟು. ಮಾರಬಲ್ಲೆನು, ದಾನಮಾಡಬಲ್ಲೆನು, ಬಾವಿಗೆ ಎಸೆಯಲೂಬಲ್ಲೆನು. ಹಾಡಿನ ಮೇಲೆ ಇಲ್ಲ. ನೂರು ಪ್ರತಿ ಮಾಡಿ ಹಂಚಿದರೆ ನಾನು ಅಪರಾಧಿಯೇ ಸರಿ. ಆದರೆ ಬೆಲೆಕೊಟ್ಟುದು ಪಟ್ಟಿಗಲ್ಲ, ಕೇಳುವ ಸುಖಕ್ಕೆ. ಪಟ್ಟಿ ಸವೆದೊಡನೆ ಸುಖವನ್ನೂ ಮರಳಿ ಕೊಳ್ಳಬೇಕೆಂದರೆ, ಅವುಗಳಲ್ಲಿ ಕೆಲವು ಈಗ ಯಾವ ಅಂಗಡಿಯಲ್ಲಿಯೂ ನನಗೆ ದೊರೆಯಲಿಲ್ಲ.

ಕಡೆಗೆ ಮೊಮ್ಮಗನೇ ಒಂದು ಹಳೆಯ ಟೇಪ್‌ರೆಕಾರ್ಡರನ್ನು ದುರಸ್ತಿಮಾಡಿಸಿ ಹದಿನೇಳು ಸುರುಳಿಗಳನ್ನು ಇಳಿಸಿರುವನು. ಸುದ್ದಿ ತಿಳಿದು ಮಗಳು, “ಅಪ್ಪಾ, ಅವ್ವ ಮುಂಜಾನೆ ಹಚ್ಚತಿದ್ದ ಭೈರವಿ ನನಗೂ ಕಳಸ್ರಿ” ಎಂದು ಕೇಳಿದಳು. ಬ್ರಿಟನ್ನಿನ ಆ ನಿಯಮದಂತೆ ಇದು ನಿಷಿದ್ಧ. ನಮ್ಮ ಕಲಮಿನಲ್ಲಿ, ಮದುವೆಯಾಗಿ ಹೋದ ಮಗಳು ತೌರಿನ ‘ಖಾಸಗಿ’ಯೊಳಗೆ ಸೇರುವಳೋ ಇಲ್ಲವೋ ಎಂಬುದನ್ನು ಶಾಸನವು ಹೇಳದು; ಸೇರುವಳೆಂದು ಭಾವಿಸಿ ಕಳುಹಿಸಿರುವೆನು. ಈ ವ್ಯಾಖ್ಯಾನವನ್ನು ಒಪ್ಪದ ವಕೀಲ ಮಹಾಶಯರು ಇದೇ ಪತ್ರಿಕೆಯಲ್ಲಿ ಖಂಡಿಸಿ ಬರೆದರೆ ಕೃತಜ್ಞನಾಗುವೆನು.