ರೋರ್ಕ್ಸ್ ಡ್ರಿಫ್ಟ್ ಮರೆಸಿದ ವ್ಯಾಗ್‌ಸ್ಟಾಫ್

ಹೆರಾಲ್ಡ್ ವ್ಯಾಗ್‌ಸ್ಟಾಫ್ ಎಂದೊಡನೆ ರಗ್ಬಿ ಲೀಗ್ ಬಲ್ಲವರು ನೆನೆಯುವುದು 1914ರ ಜುಲೈ 4ರ ಸಿಡ್ನಿ ಟೆಸ್ಟನ್ನು. ಎಂಟು ದಿನಗಳಲ್ಲಿ ಅದು ಮೂರನೆಯ ಟೆಸ್ಟ್. ಆಸ್ಟ್ರೇಲಿಯ ಪ್ರವಾಸದಲ್ಲಿದ್ದ ಬ್ರಿಟಿಷ್ ತಂಡದಲ್ಲಿ ಹಲವರು ಗಾಯಾಳುಗಳು. ಆದರೂ ಆಡಲೇಬೇಕೆಂದು ಇಂಗ್ಲೆಂಡಿನಿಂದ ತಂತಿ ಬಂತು. ಬದಲಿ ಆಟಗಾರರಿಗೆ ಅವಕಾಶವಿಲ್ಲದ ಕಾಲ. ಹೆಬ್ಬೆರಳು ಮುರಿದುಕೊಂಡೂ ಆಡಿದ ಡಗ್ಲಸ್ ಕ್ಲಾರ್ಕ್ ಕಾಲರ್ ಬೋನ್ ಮುರಿದ ಮೇಲೆ ಹೊರಗುಳಿಯಬೇಕಾಯಿತು. ಹದಿಮೂರು ಮಂದಿಯ ತಂಡ ಕೊನೆಕೊನೆಗೆ ಹತ್ತಕ್ಕಿಳಿದರೂ 14–6ರಿಂದ ಗೆದ್ದಿತು. ಜುಲು ಯುದ್ಧದ 1879ರ ಕಾಳಗವೊಂದರ ನೆನಪಿನಲ್ಲಿ ಈ ಪಂದ್ಯಕ್ಕೆ ರೋರ್ಕ್ಸ್ ಡ್ರಿಫ್ಟ್ ಎಂಬ ಹೆಸರು ಅಂಟಿತು.

ಆ ಹೆಸರು ತಂಡದ ನಾಯಕ ವ್ಯಾಗ್‌ಸ್ಟಾಫ್‌ಗೆ ಅನ್ಯಾಯ ಮಾಡಿದೆ. ಏಟು ತಿಂದು ನಿಂತವನನ್ನು ಅದು ಕೊಂಡಾಡುತ್ತದೆ, ಆಡಿದವನನ್ನು ಮರೆಸುತ್ತದೆ. ಅಂದಿನ ನಿರ್ಣಾಯಕ ಟ್ರೈ ಹುಟ್ಟಿದ್ದೇ ವ್ಯಾಗ್‌ಸ್ಟಾಫ್ ರಕ್ಷಣೆಯನ್ನು ಸೀಳಿ ನುಗ್ಗಿ ಕೊಟ್ಟ ಪಾಸ್‌ನಿಂದ. ಜನ ಕಮ್ಮಿಯಾಗಿ ವಿಂಗ್‌ನಲ್ಲಿ ನಿಂತಿದ್ದ ಫಾರ್ವರ್ಡ್ ಚಿಕ್ ಜಾನ್ಸನ್ ಚೆಂಡನ್ನು ಕಾಲಲ್ಲೇ ತಳ್ಳಿಕೊಂಡು ಓಡಿ ಟ್ರೈ ಗಳಿಸಿದ. ಹತ್ತು ಜನರಿದ್ದಾಗಲೂ ದಾಳಿಗಿಳಿಯುವ ಬುದ್ಧಿ ಧೈರ್ಯಕ್ಕಿಂತ ಅಪರೂಪದ್ದು.

ಈ ಬುದ್ಧಿ ಬೆಳೆದದ್ದು ಯಾರ್ಕ್‌ಶೈರ್‌ನಲ್ಲಿ. ಹೋಮ್‌ಫರ್ತ್‌ನ ಹುಡುಗ ಹಡರ್ಸ್‌ಫೀಲ್ಡ್ ಪರ ಮೊದಲು ಆಡಿದ್ದು 1906ರಲ್ಲಿ, ಹದಿನೈದರ ವಯಸ್ಸಿನಲ್ಲಿ. ಈ ಆಟದ ಅಂದಿನ ಆಡಳಿತ ಸಂಸ್ಥೆ ನಾರ್ದರ್ನ್ ಯೂನಿಯನ್ ತಂಡದ ಬಲವನ್ನು ಹದಿನೈದರಿಂದ ಹದಿಮೂರಕ್ಕೆ ಇಳಿಸಿದ್ದೂ ಅದೇ ವರ್ಷ. ಮೈದಾನದಲ್ಲಿ ಜಾಗ ತೆರೆದಿತ್ತು. ಅದನ್ನು ಬಳಸುವ ಬಗೆ ಇನ್ನೂ ರೂಪುಗೊಳ್ಳಬೇಕಿತ್ತು. ವ್ಯಾಗ್‌ಸ್ಟಾಫ್ ಚೆಂಡನ್ನು ಒದ್ದು ಎದುರಾಳಿಗೆ ಒಪ್ಪಿಸಲು ಒಲ್ಲದ ಆಟಗಾರ. ಓಡಿ ಬಂದು, ತಟ್ಟನೆ ತಡೆದು, ರಕ್ಷಕ ತನ್ನ ಮೇಲೆರಗುವ ಗಳಿಗೆಯಲ್ಲಿ ಚೆಂಡನ್ನು ಪಕ್ಕದವನಿಗೆ ದಾಟಿಸುತ್ತಿದ್ದ. ಸೆಂಟರ್‌ನ ಕೆಲಸ ತಾನು ಗಳಿಸುವುದಲ್ಲ, ವಿಂಗ್‌ನವನಿಗೆ ದಾರಿ ಬಿಡಿಸುವುದು ಎಂಬುದು ಅವನ ಆಟದ ತಿರುಳು. ಹಡರ್ಸ್‌ಫೀಲ್ಡ್‌ನ ವಿಂಗ್ ಆಟಗಾರ ಆಲ್ಬರ್ಟ್ ರೋಸೆನ್‌ಫೆಲ್ಡ್ 1913–14ರ ಒಂದೇ ಋತುವಿನಲ್ಲಿ 80 ಟ್ರೈ ಗಳಿಸಿದ. ಇಂದಿಗೂ ಅಳಿಯದ ದಾಖಲೆ. ರೋಸೆನ್‌ಫೆಲ್ಡ್ ಆಡುತ್ತಿದ್ದುದು ಬಹುಮಟ್ಟಿಗೆ ಇನ್ನೊಂದು ಅಂಚಿನಲ್ಲಿ, ಹಾಗಾಗಿ ಆ ಶ್ರೇಯಸ್ಸನ್ನೆಲ್ಲ ನಾಯಕನಿಗೇ ಕಟ್ಟಲಾಗದು. ಆದರೆ ಇಡೀ ತಂಡ ಚೆಂಡನ್ನು ಕೈಯಲ್ಲಿಟ್ಟುಕೊಂಡು ಆಡಿದ ರೀತಿಯಲ್ಲಿ ಅವನ ಮುದ್ರೆಯಿದೆ.

1914–15ರಲ್ಲಿ ಹಡರ್ಸ್‌ಫೀಲ್ಡ್ ತಾನು ಗೆಲ್ಲಬಹುದಾಗಿದ್ದ ನಾಲ್ಕೂ ಕಪ್ ಗೆದ್ದಿತು. ಚಾಲೆಂಜ್ ಕಪ್ ಫೈನಲ್‌ನಲ್ಲಿ ಸೇಂಟ್ ಹೆಲೆನ್ಸನ್ನು 37–3ರಿಂದ ಸೋಲಿಸಿತು. ಯುದ್ಧ ಶುರುವಾಗಿ ಎದುರಾಳಿಗಳು ಸೊರಗಿದ್ದರು ಎಂಬ ಆಕ್ಷೇಪ ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಈ ತಂಡ 1913ರಲ್ಲೇ ಚಾಲೆಂಜ್ ಕಪ್‌ನ ಜೊತೆಗೆ ಚಾಂಪಿಯನ್‌ಷಿಪ್ ಗೆದ್ದಿತ್ತು. ಯುದ್ಧ ಕಸಿದದ್ದು ಬೇರೆಯದನ್ನು: ಇಪ್ಪತ್ತನಾಲ್ಕರಿಂದ ಇಪ್ಪತ್ತೇಳರವರೆಗಿನ ನಾಯಕನ ಹರೆಯದ ಆಟವನ್ನು, 1916ರಲ್ಲಿ ಸಹ ಆಟಗಾರ ಫ್ರೆಡ್ ಲಾಂಗ್‌ಸ್ಟಾಫ್‌ನ ಜೀವವನ್ನು. 1920ರಲ್ಲಿ ವ್ಯಾಗ್‌ಸ್ಟಾಫ್ ಮತ್ತೆ ನಾಯಕನಾಗಿ ಆಸ್ಟ್ರೇಲಿಯಕ್ಕೆ ಹೋದಾಗ ಬ್ರಿಟನ್ ಟೆಸ್ಟ್ ಸರಣಿ ಸೋತಿತು. ಆ ಸೋಲನ್ನೂ ಸೇರಿಸಿಯೇ ಅವನನ್ನು ತೂಗಬೇಕು. ತೂಗಿದರೂ ಅವನ ಕಾಲದ ಸೆಂಟರ್‌ಗಳಲ್ಲಿ ಅವನಿಗಿಂತ ಮೇಲೆ ಇಡಬಹುದಾದ ಇನ್ನೊಬ್ಬನನ್ನು ನಾನು ಕಾಣೆ.