ಹತಾರ ಹೋಯಿತು, ಕಾವಲೂ ಹೋಯಿತು

ಹೋದ ವರ್ಷ ಬಿ.ಎ. ತರಗತಿಯಲ್ಲಿ ಹಲಗಲಿ ಬೇಡರ ಲಾವಣಿ ಪಾಠ ಮಾಡುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಸರ, ಹಲಗಲಿಗೆ ಬಂದ ದಂಡಿನ್ಯಾಗ ಇದ್ದವರು ಯಾರ್ರೀ?" ಎಂದು ಕೇಳಿದ. "ಇಂಗ್ಲಿಷರು" ಅಂದೆ. "ಅಷ್ಟೂ ಮಂದಿ ಇಂಗ್ಲಿಷರ ಏನ್ರೀ?" ಅಂದ. ತರಗತಿ ನಕ್ಕಿತು, ನಾನೂ ನಕ್ಕೆ, ಪಾಠ ಮುಂದುವರಿಸಿದೆ. ಅವನು ಮುಧೋಳ ಕಡೆಯ ಬೇಡರ ಹುಡುಗ. ದಿನಾ ನಸುಕಿನಲ್ಲಿ ಎದ್ದು ಮಿಲಿಟರಿ ಭರ್ತಿಗಾಗಿ ಧಾರವಾಡದ ಮೈದಾನದಲ್ಲಿ ಓಡುತ್ತಾನೆ. ಅವನ ಪ್ರಶ್ನೆಯನ್ನು ನಗೆಯಲ್ಲಿ ತೇಲಿಸಿಬಿಟ್ಟದ್ದು ನನ್ನ ತಪ್ಪು ಹೌದು. ಆದರೆ ನಮ್ಮ ವಿಮರ್ಶೆ ನನಗೆ ಕಲಿಸಿಕೊಟ್ಟ ಓದಿನಲ್ಲಿಯೂ ಆ ಪ್ರಶ್ನೆಗೆ ಜಾಗವಿರಲಿಲ್ಲ.

ಲಾವಣಿ ಕಟ್ಟಿದವನು ಕುರ್ತಕೋಟಿ ಕಲ್ಮೇಶ. ಅದನ್ನು ಸಂಗ್ರಹಿಸಿ 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಅಚ್ಚು ಹಾಕಿಸಿದವನು ಜೆ.ಎಫ್. ಫ್ಲೀಟ್. ಸರ್ಕಾರ ಗಲ್ಲಿಗೇರಿಸಿದವರ ಹಾಡನ್ನು ಅದೇ ಸರ್ಕಾರದ ಅಧಿಕಾರಿ ಉಳಿಸಿದ. (ನಮ್ಮ ಶಿಷ್ಟ ಪಂಡಿತರು ಆಗ ಏನು ಮಾಡುತ್ತಿದ್ದರು ಎಂಬುದು ಬೇರೆ ಮಾತು.) ಈಗ ಅದು ಹತ್ತನೆಯ ತರಗತಿಯ ಪಠ್ಯದಲ್ಲೂ ಸೇರಿ 'ದೇಶಭಕ್ತಿಯ ಕಾವ್ಯ' ಎನಿಸಿಕೊಂಡಿದೆ. 1857, ಸಿಪಾಯಿ ದಂಗೆ, ಸ್ವಾತಂತ್ರ್ಯದ ಕಿಡಿ: ಈ ಮೂರು ಮಾತಿನಲ್ಲಿ ಪ್ರಶ್ನೋತ್ತರ ಮುಗಿಯುತ್ತದೆ.

ಹಾಡನ್ನೇ ಕೇಳಿದರೆ ಬೇರೆಯದು ಕೇಳಿಸುತ್ತದೆ. ಅಲ್ಲಿ ದೇಶವೆಂಬ ಕಲ್ಪನೆ ಇಲ್ಲ. ಇರುವುದು ವಿಲಾಯತಿಯಿಂದ ಬಂದ ಒಂದು ಹುಕುಂ: ಎಲ್ಲರ ಹತಾರ ಕಸಿದುಕೊಳ್ಳಬೇಕು. ಹನುಮ, ಬಾಲ, ಜಡಗ, ರಾಮ ಒಪ್ಪುವುದಿಲ್ಲ. ಹತಾರ ಕೊಟ್ಟರೆ ಜೀವ ಹೋದಂತೆ ಎಂಬುದು ಅವರ ವಾದ. ನಮ್ಮ ಓದು ಇದನ್ನು ಕ್ಷಾತ್ರ, ಶೌರ್ಯ, ಮಾನ ಎಂದೆಲ್ಲ ವಿವರಿಸುತ್ತದೆ. ಕ್ಷಾತ್ರವೆಂಬ ವೈದಿಕ ಅಂಗಿಯನ್ನು ಬೇಟೆಯವನಿಗೆ ತೊಡಿಸುವ ಹುನ್ನಾರವಿದು. ಬೇಟೆ ಮಾಡಿ, ಊರು ಕಾಯ್ದು ಬದುಕುವವನಿಗೆ ಹತಾರವೆಂದರೆ ಒಕ್ಕಲಿಗನಿಗೆ ಕೂರಿಗೆ ಇದ್ದಂತೆ, ಸಮಗಾರನಿಗೆ ಉಳಿ ಇದ್ದಂತೆ. 1857ರ ನಿಶ್ಶಸ್ತ್ರೀಕರಣ ಕಾಯ್ದೆ ಕಸಿದದ್ದು ದುಡಿಯುವ ಕೈಯ ಸಾಧನವನ್ನು.

ಆ ನವೆಂಬರ್ ಕೊನೆಗೆ ದಂಡು ಹಲಗಲಿಯ ಮೇಲೆ ಬಿತ್ತು, ಊರಿಗೆ ಬೆಂಕಿ ಹಚ್ಚಿತು. ಡಿಸೆಂಬರಿನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಸೇರಿ 19 ಜನರನ್ನು ಗಲ್ಲಿಗೆ ಹಾಕಿದರು. ಲಾವಣಿಕಾರ ಯುದ್ಧವನ್ನು ಹಾಡುತ್ತಾನೆ, ಸರಿ. ಆದರೆ ಅವನ ದನಿ ನಿಧಾನವಾಗುವುದು ಲೂಟಿಯಾದ ಸಾಮಾನುಗಳ ಹತ್ತಿರ. ಕೊಡ್ಲಿ, ನೇಗಿಲು, ಉಪ್ಪು, ಎಣ್ಣೆ, ಬೀಸುವ ಕಲ್ಲು. ಒಂದು ಬಡ ಊರಿನ ಅಡುಗೆಮನೆ ಪೂರ್ತಿ ಹಾಡಿನಲ್ಲಿ ಉಳಿದುಬಿಟ್ಟಿದೆ. ಯಾವ ವಿಮರ್ಶಕನೂ ಈ ಪಟ್ಟಿಯ ಮುಂದೆ ನಿಂತದ್ದನ್ನು ನಾನು ಓದಿಲ್ಲ. ಜಡಗನ ಮೀಸೆಯ ಮುಂದೆ ಮಾತ್ರ ಎಲ್ಲರೂ ನಿಲ್ಲುತ್ತಾರೆ.

ಇನ್ನೊಂದನ್ನೂ ಗಮನಿಸಬೇಕು. ಅದೇ ನಿಶ್ಶಸ್ತ್ರೀಕರಣದಿಂದ ಕೊಡಗಿನ ಕೊಡವರಿಗೆ 1861ರಲ್ಲಿ ವಿನಾಯ್ತಿ ಸಿಕ್ಕಿತು. ಕುಂಪಣಿಗೆ ನಿಷ್ಠರಾಗಿದ್ದರು ಎಂಬುದೇ ಕಾರಣ. ಕೊಡವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಯಾರ ಕೈಯ ಬಂದೂಕು ಸಂಸ್ಕೃತಿ, ಯಾರ ಕೈಯದು ಅಪರಾಧ ಎಂದು ತೀರ್ಮಾನಿಸಿದ್ದು ಪ್ರಭುತ್ವ. ಆ ತೀರ್ಮಾನವನ್ನೇ ನಾವು ಇಂದಿಗೂ ಆಯಾ ಸಮುದಾಯಗಳ ಗುಣ ಎಂದು ಓದುತ್ತಿದ್ದೇವೆ.

ಈಗ ಹುಡುಗನ ಪ್ರಶ್ನೆಗೆ ಬರುತ್ತೇನೆ. ದಂಡಿನಲ್ಲಿ ಸದರ್ನ್ ಮರಾಠಾ ಹಾರ್ಸ್ ಇತ್ತು. ಅಂದರೆ ಕುದುರೆಯ ಮೇಲೆ ಕೂತವರಲ್ಲಿ ಇಲ್ಲಿಯವರೇ ಬಹಳ. ನಮಗೆ ದಲಿತರಿಗೆ ಈ ಮಾತು ಇನ್ನೂ ಕಠಿಣವಾಗುತ್ತದೆ. 1818ರ ಕೋರೆಗಾಂವ್ ಕಾಳಗದ ಮಹಾರ್ ಸಿಪಾಯಿಗಳನ್ನು ನಾವು ಅಭಿಮಾನದಿಂದ ನೆನೆಯುತ್ತೇವೆ; 1927ರ ಜನವರಿ 1ರಂದು ಬಾಬಾಸಾಹೇಬರೇ ಅಲ್ಲಿಗೆ ಹೋಗಿದ್ದರು. ಅವರ ತಂದೆ ಸೈನ್ಯದಲ್ಲಿ ಸುಬೇದಾರರು. 1890ರ ದಶಕದಲ್ಲಿ ಮಹಾರರ ಭರ್ತಿ ನಿಂತಾಗ ಮುಚ್ಚಿದ ಬಾಗಿಲು, ಮಹಾರ್ ರೆಜಿಮೆಂಟು ಎದ್ದ 1941ರ ಹೊತ್ತಿಗೆ ಮತ್ತೆ ತೆರೆಯಿತು. ಸಮವಸ್ತ್ರ, ಅಕ್ಷರ, ಪಿಂಚಣಿ, ಊರಿನ ಗೌಡನ ಮುಂದೆ ಎದೆಯೆತ್ತಿ ನಿಲ್ಲುವ ಧೈರ್ಯ ಇವೆಲ್ಲ ನಮ್ಮವರಿಗೆ ದಂಡಿನಿಂದಲೂ ಬಂದವು. ಇದನ್ನು ಮರೆತು 'ಸೈನ್ಯ ಕೆಟ್ಟದ್ದು' ಎಂದು ಷರಾ ಬರೆಯುವುದು ಹೊಟ್ಟೆ ತುಂಬಿದವರ ಶಾಂತಿವಾದ. ಹಾಗಂತ ಹಲಗಲಿಯ ಬೀಸುವ ಕಲ್ಲನ್ನು ಮರೆಯಲಾದೀತೆ? ದಲಿತ ವಿಮರ್ಶೆ ಎರಡನ್ನೂ ಒಟ್ಟಿಗೆ ಹಿಡಿಯಬೇಕು. ಅದು ನಮ್ಮಿಂದ ಇನ್ನೂ ಆಗಿಲ್ಲ.

ಚಳ್ಳಕೆರೆಯ ಕಡೆ ನೋಡೋಣ. ಹಲಗಲಿಯ ಬೇಡರೂ ಅಲ್ಲಿಯ ಮ್ಯಾಸಬೇಡರೂ ಒಂದೇ ಎನ್ನುವ ಅವಸರ ನನಗಿಲ್ಲ. ಮ್ಯಾಸಬೇಡರು ದನಗಾಹಿಗಳು, ದೇವರ ಎತ್ತು ಸಾಕುವವರು, ಅವರ ಆಚಾರ ಕಟ್ಟುಗಳೇ ಬೇರೆ. ಬೇಡರೆಂಬ ಹೆಸರು ಪರಿಶಿಷ್ಟ ಪಂಗಡದ ಪಟ್ಟಿಗೆ ಬಂದದ್ದು 1991ರಲ್ಲಿ. ಸರ್ಕಾರದ ಕಾಗದದಲ್ಲಾದರೂ ಇಬ್ಬರೂ ಅಲ್ಲಿ ಒಂದಾದರು. ಮ್ಯಾಸಬೇಡರ ದನ, ಕುರುಬರ ಕುರಿ, ಚಳ್ಳಕೆರೆಯ ಕಂಬಳಿ ಎಲ್ಲವೂ ನಿಂತದ್ದು ಅಮೃತಮಹಲ್ ಕಾವಲಿನ ಹುಲ್ಲಿನ ಮೇಲೆ. ಆ ಕಾವಲುಗಳೂ ಒಂದು ಕಾಲಕ್ಕೆ ದಂಡಿನವೇ. ಟಿಪ್ಪುವಿನ ಫಿರಂಗಿ ಎಳೆಯುವ ಎತ್ತು ಅಲ್ಲಿ ಮೇಯುತ್ತಿದ್ದವು. ಆದರೆ ಆ ದಂಡಿಗೆ ಹುಲ್ಲು ಬೇಕಿತ್ತು, ಹುಲ್ಲು ಉಳಿದದ್ದರಿಂದ ಜನವೂ ಉಳಿದರು. ಈಗಿನ ದಂಡಿಗೆ ಬೇಕಾದದ್ದು ಬರೀ ಬಯಲು.

2009-10ರ ಸುಮಾರಿಗೆ ಕಾವಲುಗಳನ್ನು ಹಂಚಿದರು. ಡಿ.ಆರ್.ಡಿ.ಒ.ಗೆ 4,290 ಎಕರೆ. ಭಾಭಾ ಅಣು ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆ, ಇಸ್ರೋ ಸೇರಿದರೆ ಎಂಟು ಸಾವಿರ ಎಕರೆ ದಾಟುತ್ತದೆ. ಗೋಡೆ ಎದ್ದ ಮೇಲೆಯೇ ತಮಗೆ ಗೊತ್ತಾದದ್ದು ಎಂದು ಊರವರು ಹೇಳಿದರು. ಹಸಿರು ನ್ಯಾಯಮಂಡಳಿಗೂ ಹೋದರು. 2014ರ ತೀರ್ಪು ಯೋಜನೆಗಳನ್ನು ನಿಲ್ಲಿಸಲಿಲ್ಲ. 2017ರ ಮೇನಲ್ಲಿ ವರವು ಕಾವಲಿನಲ್ಲಿ ಪೈಲಟ್ ಇಲ್ಲದ ವಿಮಾನಗಳನ್ನು ಪರೀಕ್ಷಿಸುವ ನೆಲೆ ಉದ್ಘಾಟನೆಯಾಯಿತು. 2019ರ ಸೆಪ್ಟೆಂಬರಿನಲ್ಲಿ ಅಂಥ ಒಂದು ವಿಮಾನ ಜೋಡಿಚಿಕ್ಕೇನಹಳ್ಳಿ ಹತ್ತಿರ, 2023ರ ಆಗಸ್ಟಿನಲ್ಲಿ ಇನ್ನೊಂದು ಹಿರಿಯೂರು ತಾಲೂಕಿನಲ್ಲಿ ಹೊಲಕ್ಕೆ ಬಿದ್ದವು. ಕಾವಲು ಎಂಬ ಒಂದೇ ಶಬ್ದಕ್ಕೆ ಕನ್ನಡದಲ್ಲಿ ಹುಲ್ಲುಗಾವಲು ಎಂಬ ಅರ್ಥವೂ ಇದೆ, ಪಹರೆ ಎಂಬ ಅರ್ಥವೂ ಇದೆ. ಚಳ್ಳಕೆರೆಯಲ್ಲಿ ಮೊದಲನೆಯದನ್ನು ಎರಡನೆಯದು ನುಂಗಿತು. ದನ ಮಾರಿದ ಮನೆಯ ಹುಡುಗರಿಗೆ ಗೋಡೆಯ ಒಳಗೆ ವಿಜ್ಞಾನಿಯ ಕೆಲಸವಂತೂ ಸಿಗುವುದಿಲ್ಲ.

ಅವರಿಗೂ ನನ್ನ ವಿದ್ಯಾರ್ಥಿಗೂ ಉಳಿದಿರುವುದು ಓಟ. 2022ರ ಅಗ್ನಿಪಥದ ಲೆಕ್ಕದಲ್ಲಿ ಸೇವೆ ನಾಲ್ಕು ವರ್ಷ, ಆಮೇಲೆ ಉಳಿಯುವವರು ನೂರಕ್ಕೆ 25 ಜನ. ಬಾಬಾಸಾಹೇಬರ ತಂದೆಗೆ ಸಿಕ್ಕ ಪಿಂಚಣಿ ಮಿಕ್ಕ 75 ಜನಕ್ಕಿಲ್ಲ. ಅಂದರೆ ನೆಲ ಕೊಡಬೇಕು, ಮಗನನ್ನೂ ಕೊಡಬೇಕು, ಮಗ ನಾಲ್ಕೇ ವರ್ಷಕ್ಕೆ ವಾಪಸ್ಸು ಬಂದಾಗ ಮೇಯಿಸಲು ಹುಲ್ಲಿಲ್ಲ.

ಮೊನ್ನೆ ಅವನು ನಡತೆ ಪ್ರಮಾಣಪತ್ರದ ಅರ್ಜಿಗೆ ಸಹಿ ಕೇಳಲು ಬಂದ. ಆ ದಿನದ ಪ್ರಶ್ನೆಗೆ ಉತ್ತರ ಹೇಳಿದೆ: ದಂಡಿನಲ್ಲಿ ನಮ್ಮವರೇ ಇದ್ದರಪ್ಪ ಅಂದೆ. "ಗೊತ್ತಿತ್ರಿ ಸರ, ನೀವು ಹೇಳ್ತೀರೇನು ಅಂತ ಕೇಳಿದ್ದೆ" ಅಂದ. ಸಹಿ ಮಾಡಿದೆ.