ಗಾಡಿ ನಿಲ್ಲುವಷ್ಟು ಹೊತ್ತಿನ ವಡೆ

ನಮ್ಮ ಕೊಪ್ಪಕ್ಕೆ ರೈಲಿಲ್ಲ. ಕಬ್ಬಿದೆ, ಸಕ್ಕರೆ ಕಾರ್ಖಾನೆಯಿದೆ, ಕಬ್ಬಿನ ಗಾಡಿಗಳ ಹಿಂದೆ ತೆವಳುವ ಬಸ್ಸುಗಳಿವೆ. ರೈಲು ಬೇಕೆಂದರೆ ಮದ್ದೂರಿಗೇ ಬರಬೇಕು. ಅಲ್ಲಿ ಗಾಡಿಗೆ ಕಾಯುವುದರಲ್ಲಿ ನನಗೆ ಬೇಸರವೇ ಇಲ್ಲ. ಕಾರಣ ಎಲ್ಲರಿಗೂ ಗೊತ್ತಿರುವುದೇ: ವಡೆ.

1876–78ರ ಬರಗಾಲದಲ್ಲಿ ಹಸಿದವರ ಕೈಗೆ ಕೂಲಿ ಸಿಗಲೆಂದು ಮೈಸೂರು ಸೀಮೆಯಲ್ಲಿ ಹಿಡಿದ ಕೆಲಸಗಳಲ್ಲಿ ಬೆಂಗಳೂರು–ಮೈಸೂರು ರೈಲುದಾರಿಯ ಮಣ್ಣು ಹೊರುವ ಕೆಲಸವೂ ಇತ್ತು. 1882ರಲ್ಲಿ ಮೀಟರ್ ಗೇಜ್ ಗಾಡಿ ಮೈಸೂರು ಮುಟ್ಟಿತು. ಹೊಟ್ಟೆಗಿಲ್ಲದವರು ಹಾಕಿದ ದಾರಿ ಮುಂದೆ ತಿಂಡಿಯಿಂದ ಹೆಸರಾಯಿತು.

ಮದ್ದೂರು ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದವರು ರಾಮಚಂದ್ರ ಬುದ್ಯ. 1917ರಲ್ಲಿ ಒಂದು ದಿನ ಗಾಡಿ ಹೊತ್ತಿಗೆ ಮುಂಚೆಯೇ ಬಂದುಬಿಟ್ಟಿತಂತೆ. ಪಕೋಡ ಬೇಯಲು ವೇಳೆಯಿಲ್ಲ. ಕಲಸಿದ ಹಿಟ್ಟನ್ನೇ ಅಂಗೈಯಲ್ಲಿ ತಟ್ಟಿ ಎಣ್ಣೆಗೆ ಬಿಟ್ಟರಂತೆ. ನಮ್ಮ ಕಡೆಯ ರೈಲು ಹೊತ್ತಿಗೆ ಮುಂಚೆ ಬಂತೆಂಬುದನ್ನು ನಂಬುವುದೇ ಕಷ್ಟ. ಆದರೂ ಕಥೆಗೆ ವಡೆಯ ಮೈಯೇ ಸಾಕ್ಷಿ ಹೇಳುತ್ತದೆ.

ನೋಡಿ, ಇದರಲ್ಲಿ ಬೇಳೆಯಿಲ್ಲ. ಉದ್ದಿನ ವಡೆಗೆ ನೆನೆಹಾಕಬೇಕು, ರುಬ್ಬಬೇಕು; ಇದಕ್ಕೆ ಆ ರಗಳೆಯಿಲ್ಲ. ಚಿರೋಟಿ ರವೆ, ಮೈದಾ, ಅಕ್ಕಿಹಿಟ್ಟು, ಉದ್ದುದ್ದ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಮೇಲೆ ಕಾದ ಎಣ್ಣೆ. ಗಟ್ಟಿಯಾಗಿ ಕಲಸಿ ತಟ್ಟಿದರೆ ಆಯಿತು. ತೆಳ್ಳಗಿರುವುದರಿಂದ ಒಳಗೆ ಹಸಿ ಉಳಿಯುವುದಿಲ್ಲ. ಹದವಾದ ಉರಿಯಲ್ಲಿ ಕರಿದರೆ ನೀರಿನ ಪಸೆ ಹೋಗಿ, ಸಂಜೆಯವರೆಗೂ ಮೆತ್ತಗಾಗದೆ ನಿಲ್ಲುತ್ತದೆ. ಚಟ್ನಿ ಬೇಡ, ಎಲೆ ಬೇಡ, ಕೈ ತೊಳೆಯಲು ನೀರೂ ಬೇಡ. ಒಂದು ಕೈಯಲ್ಲಿ ಮೇಲಿನ ಕಂಬಿ ಹಿಡಿದು ಇನ್ನೊಂದು ಕೈಯಲ್ಲಿ ತಿನ್ನಬಹುದಾದ ತಿಂಡಿ ಬೇರೆ ಯಾವುದಿದೆ? ಗಾಡಿ ನಿಲ್ಲುವ ಹೊತ್ತು ಎಷ್ಟೋ ಅಷ್ಟಕ್ಕೇ ಅಳತೆ ಕೊಟ್ಟು ಹೊಲಿಸಿದ ಅಂಗಿಯಂತಿದೆ ಇದು.

ತಿನ್ನುವುದಕ್ಕೂ ಒಂದು ಕ್ರಮವಿದೆ, ಅಥವಾ ನಾನು ಮಾಡಿಕೊಂಡಿದ್ದೇನೆ. ಮೊದಲು ಅಂಚು. ಅಲ್ಲಿ ಕರಿಬೇವು ಗರಿಗರಿಯಾಗಿ, ಈರುಳ್ಳಿಯ ಎಸಳು ಕೆಂಪೇರಿ ಸಿಹಿಯಾಗಿರುತ್ತದೆ. ನಡುಭಾಗ ಕೊನೆಗೆ, ಅದಕ್ಕೆ ರವೆಯ ತರಿತರಿ, ಸಣ್ಣ ಖಾರ. ಹೋಟೆಲಿನಲ್ಲಿ ಬಿಸಿ ವಡೆಗೆ ಬೆಣ್ಣೆ ಹಾಕಿಕೊಡುತ್ತಾರೆ. ಚೆನ್ನಾಗಿಯೇ ಇರುತ್ತದೆ. ಆದರೆ ಬಿಸಿಯಲ್ಲಿ ಈರುಳ್ಳಿಯದೇ ದರ್ಬಾರು. ಆರಿದ ಮೇಲಷ್ಟೇ ರವೆಯ ರುಚಿ ನಾಲಿಗೆಗೆ ಸಿಕ್ಕುತ್ತದೆ. ಆದ್ದರಿಂದ ಪೇಪರಿನಲ್ಲಿ ಕಟ್ಟಿದ, ಎಣ್ಣೆ ಜಿನುಗಿದ, ಆರಿದ ವಡೆಗೇ ನನ್ನ ಓಟು. ಬೆಂಗಳೂರಿನ ದರ್ಶಿನಿಗಳಲ್ಲಿ ಇದೇ ಹೆಸರಿನಲ್ಲಿ ಕೊಡುವ ದಪ್ಪ, ಮೆತ್ತನೆಯ ಬಿಲ್ಲೆಯ ಮಾತು ಬೇಡ.

ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್ಸಿನ ಪಾಸಿನವರಿಗೆ ವಡೆಯ ಗೊಡವೆಯಿಲ್ಲ. ಅವರ ಕಣ್ಣು ಸೀಟಿನ ಮೇಲೆ. ಮಂಡ್ಯದಲ್ಲಿ ಹತ್ತಿದವರು ಆಗಲೇ ಕಾಲು ಚಾಚಿರುತ್ತಾರೆ. ಮದ್ದೂರಿನವರು ಹತ್ತಿ, "ಅಣ್ಣ, ಒಸಿ ಸರ್ಕೊಳಿ" ಎನ್ನುತ್ತಾರೆ. ಮೂವರ ಜಾಗದಲ್ಲಿ ನಾಲ್ವರು ಕೂತು ಶೆಟ್ಟಿಹಳ್ಳಿ ದಾಟುವಷ್ಟರಲ್ಲಿ ರಾಜಕೀಯ ಶುರು. ಚನ್ನಪಟ್ಟಣ, ರಾಮನಗರ, ಬಿಡದಿ, ಕೆಂಗೇರಿ: ಪ್ರತಿ ಊರೂ ಇನ್ನಷ್ಟು ಜನರನ್ನು ತುಂಬುತ್ತದೆ. ಅಷ್ಟರ ನಡುವೆಯೂ "ವಡೇ ವಡೇ ವಡೇ… ಮದ್ದೂರ್ ವಡೇ" ಎಂದು ಬುಟ್ಟಿ ಹೊತ್ತವರು ಅದು ಹೇಗೋ ನುಸುಳಿ ಬರುತ್ತಾರೆ.

ಹಳಿ ಅಗಲವಾಗಿ, ಜೋಡಿಯಾಗಿ, ಮೇಲೆ ವಿದ್ಯುತ್ ತಂತಿಯೂ ಬಂದಿದೆ. 2022ರಲ್ಲಿ ಟಿಪ್ಪು ಎಕ್ಸ್‌ಪ್ರೆಸ್ ಒಡೆಯರ್ ಎಕ್ಸ್‌ಪ್ರೆಸ್ ಆಯಿತು. 2023ರ ಮಾರ್ಚ್‌ನಲ್ಲಿ ನಮ್ಮ ತಾಲ್ಲೂಕಿನ ಗೆಜ್ಜಲಗೆರೆಯಲ್ಲೇ ಬೆಂಗಳೂರು–ಮೈಸೂರು ಹತ್ತು ಪಥದ ಹೆದ್ದಾರಿಯ ಉದ್ಘಾಟನೆಯೂ ನಡೆಯಿತು. ಕಾರುಗಳು ಈಗ ಬೈಪಾಸಿನಲ್ಲಿ ಊರನ್ನು ಬಳಸಿ ಹೋಗಿಬಿಡುತ್ತವೆ. ಹಳೇ ರಸ್ತೆಯ ಹೋಟೆಲಿನವರಿಗೆ ಅದೇ ಚಿಂತೆ. ಶಿಂಷಾ ದಾಟುವ ರೈಲಿಗೆ ಮಾತ್ರ ಬೈಪಾಸ್ ಇಲ್ಲ, ಊರಿನ ಮಗ್ಗುಲಲ್ಲೇ ಹಾಯಬೇಕು.

ಒಂದು ತಮಾಷೆಯಿದೆ. ಈ ಸೀಮೆಯ ನಾವು ನಮಗೆಂದು ಈ ವಡೆ ಕೊಳ್ಳುವುದು ಕಡಿಮೆ. ಆದರೆ ಬೆಂಗಳೂರಿನ ನೆಂಟರ ಮನೆಗೆ ಬರಿಗೈಲಿ ಹೋಗಿ ನೋಡಿ: ಚಪ್ಪಲಿ ಬಿಡುವ ಮೊದಲೇ ಅತ್ತೆ ಕೇಳುತ್ತಾರೆ, "ಮದ್ದೂರ್ ಮೇಲೇ ಬಂದೆ ಅಲ್ವೇನಪ್ಪ, ವಡೆ ಎಲ್ಲಿ?"